ರಿಸ್ಪೆರಿಡೋನ್ ಡೋಸ್ ಏರಿದ ಮೇಲೆ ಕೂರಲಾಗುತ್ತಿಲ್ಲ

ಪ್ರಶ್ನೆ (ಹಾಸನದಿಂದ):
ಕಿವಿಯಲ್ಲಿ ಬೈಯುತ್ತಿದ್ದ ಧ್ವನಿಗಳು ರಿಸ್ಪೆರಿಡೋನ್‌ನಿಂದ ಬಹುಮಟ್ಟಿಗೆ ಅಡಗಿವೆ. ಅಷ್ಟರ ಮಟ್ಟಿಗೆ ಪುಣ್ಯ. ಆದರೆ ಡೋಸ್ 4 ಮಿಲಿಗ್ರಾಂಗೆ ಏರಿದ ಮೇಲೆ ಕೂತಲ್ಲಿ ಕೂರಲಾಗುತ್ತಿಲ್ಲ. ಊಟಕ್ಕೆ ಕುಳಿತರೆ ಎರಡು ತುತ್ತಿಗೇ ಎದ್ದು ನಡುಮನೆಯಲ್ಲಿ ಶತಪಥ ತಿರುಗುತ್ತೇನೆ. ನಿಂತರೂ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕುತ್ತಲೇ ಇರಬೇಕು. ಕಾಯಿಲೆ ಮರುಕಳಿಸಿತೆಂದು ಅಮ್ಮ ಅಳುತ್ತಾರೆ. ಇದು ಕಾಯಿಲೆಯೋ, ಮಾತ್ರೆಯೋ?

ಉತ್ತರ 1:
ಮಾತ್ರೆಯದೇ ಇರಬಹುದು. ವೈದ್ಯರು ಇದನ್ನು ಅಕಥೀಸಿಯಾ ಎನ್ನುತ್ತಾರೆ. ನನಗೆ ಇಂಥದೇ ಇನ್ನೊಂದು ಮಾತ್ರೆಯಾದ ಹ್ಯಾಲೋಪೆರಿಡಾಲ್‌ನಿಂದ ಬಂದಿತ್ತು. ಬರೀ 'ಚಡಪಡಿಕೆ' ಎಂದರೆ ಆತಂಕವೆಂದು ತಿಳಿದು ಡೋಸ್ ಇನ್ನೂ ಏರಿಸಿಬಿಡುತ್ತಾರೆ, ನನಗೆ ಹಾಗೆಯೇ ಆಯಿತು. ಕಾಲಿನ ಸಂಗತಿಯನ್ನೂ ಡೋಸ್ ಏರಿದ ದಿನಾಂಕವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನಗೆ ಡೋಸ್ ಇಳಿಸಿ, ಚಡಪಡಿಕೆ ತಗ್ಗಲು ಪ್ರೊಪ್ರನೊಲಾಲ್ ಎಂಬ ಮಾತ್ರೆ ಕೊಟ್ಟರು. ಅಸ್ತಮಾ ಇದ್ದರೆ ಅದು ಒಗ್ಗುವುದಿಲ್ಲ, ಮೊದಲೇ ತಿಳಿಸಿ.

ಉತ್ತರ 2:
ನನ್ನ ತಮ್ಮನಿಗೆ ಇದೇ ಕಾರಣಕ್ಕೆ ಮಾತ್ರೆ ಬದಲಿಸಿ ಒಲಾಂಜಪಿನ್ ಬರೆದರು. ಚಡಪಡಿಕೆ ಹೋಯಿತು, ಹಸಿವು ಬಂತು! ನಡುರಾತ್ರಿ ಎದ್ದು ಅನ್ನದ ಪಾತ್ರೆ ಬರಿದು ಮಾಡುತ್ತಾನೆ. ಬದಲಾಯಿಸಿದರೆ ತೂಕ ಮತ್ತು ರಕ್ತದ ಸಕ್ಕರೆಯ ಮೇಲೆ ಕಣ್ಣಿರಲಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು:
ಅಮ್ಮನಿಗೆ ಓದಿ ಹೇಳಿದೆ, ಸ್ವಲ್ಪ ಸಮಾಧಾನವಾಯಿತು. ಆದರೆ ವೈದ್ಯರ ಭೇಟಿ ಮುಂದಿನ ತಿಂಗಳು.

ಉತ್ತರ 1:
ಅಲ್ಲಿಯವರೆಗೆ ಕಾಯಬೇಡಿ, ನಾಳೆಯೇ ಹೋಗಿ. ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಈ ಹಿಂಸೆಯಲ್ಲಿ ಸಾಯಬೇಕೆನಿಸುವುದೂ ಉಂಟು. ಹಾಗೆನಿಸಿದರೆ ಆ ಗಳಿಗೆಯೇ ಅಮ್ಮನೊಡನೆ ಆಸ್ಪತ್ರೆಗೆ ಹೊರಡಿ.