ಪದಚರ್ಚೆ: ಎರಡು ತಂಡಗಳು ಹಂಚಿಕೊಂಡ ‘ಸ್ಪ್ಲಿಟ್’ ತಟ್ಟೆಗೆ ಕನ್ನಡದಲ್ಲಿ ಏನೆನ್ನಬೇಕು?

ಬಲ್ಲವರಲ್ಲಿ ಒಂದು ವಿಚಾರಣೆ. ಬ್ರಿಟನ್ನಿನ ಹಾರ್ಡ್‌ಕೋರ್ ಪಂಕ್ (ಬಿರುಸಿನ, ವೇಗದ ರಾಕ್ ಸಂಗೀತ) ಮತ್ತು ಸ್ಕ್ರೀಮೋ (ಅದರಿಂದ ಕವಲೊಡೆದ, ಗಂಟಲು ಬಿರಿಯುವಂತೆ ಹಾಡುವ ಬಗೆ) ಸಂಗೀತ ತಂಡಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಕುಳಿತವರಿಗೆ ಮೊದಲ ಪುಟದಲ್ಲೇ ಎಡವಿಸುವ ಪದ ‘ಸ್ಪ್ಲಿಟ್’. ಎರಡು ತಂಡಗಳು ಸೇರಿ ಒಂದೇ ಗ್ರಾಮಫೋನ್ ತಟ್ಟೆಯನ್ನು ಹೊರತರುತ್ತವೆ. ಒಂದು ಬದಿಯಲ್ಲಿ ಒಂದು ತಂಡದ ಹಾಡುಗಳು, ಮಗುಚಿ ಹಾಕಿದರೆ ಇನ್ನೊಂದು ತಂಡದವು. ಈ ಬಗೆಯ ತಟ್ಟೆಗೆ ಅಲ್ಲಿನವರು ಸ್ಪ್ಲಿಟ್ ಎನ್ನುತ್ತಾರೆ. ಆ ಸಂಗೀತದ ಚರಿತ್ರೆಯಲ್ಲಿ ಇದು ಎಲ್ಲೋ ಮೂಲೆಯಲ್ಲಿರುವ ಪದವಲ್ಲ. ಅನೇಕ ತಂಡಗಳು ತಮ್ಮದೇ ಪೂರ್ಣ ತಟ್ಟೆಯನ್ನು ಎಂದೂ ಹೊರತರದೆ, ಇನ್ನೊಬ್ಬರೊಡನೆ ಹಂಚಿಕೊಂಡ ಬದಿಗಳಲ್ಲಷ್ಟೇ ಉಳಿದುಕೊಂಡಿವೆ. ಹಾಗಾಗಿ ಅಡಿಟಿಪ್ಪಣಿಯಲ್ಲಿ ಅರ್ಥ ಕೊಟ್ಟು ದಾಟಿಹೋಗುವುದು ನನಗೆ ಸರಿಕಾಣುತ್ತಿಲ್ಲ.

ನಿಘಂಟನ್ನು ಹಿಡಿದು ಹೊರಟರೆ ಸಿಗುವುದು ಸೀಳು, ಬಿರುಕು, ಒಡಕು, ಇಬ್ಭಾಗ, ವಿಭಜನೆ. ಇವುಗಳಲ್ಲಿ ಒಂದೂ ಹೊಂದುವುದಿಲ್ಲ. ‘ಒಡೆದ ತಟ್ಟೆ’ ಎಂದರೆ ಅದು ಕೆಳಗೆ ಬಿದ್ದು ಚೂರಾದ ತಟ್ಟೆ. ‘ವಿಭಜಿತ ಧ್ವನಿಮುದ್ರಿಕೆ’ ಎಂದರೆ ಓದುಗರ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡುವುದಿಲ್ಲ. ಪದವನ್ನು ಹಾಗೆಯೇ ಇಟ್ಟುಕೊಂಡರೆ ಇನ್ನೊಂದು ಅಪಾಯವಿದೆ: ತಂಡವೊಂದು ಚದುರಿಹೋಯಿತು ಎನ್ನುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಕ್ರಿಯಾಪದ ಬಳಕೆಯಲ್ಲಿದೆ, ಮತ್ತು ನಮ್ಮ ಪತ್ರಿಕೆಗಳ ಸಿನಿಮಾ ಪುಟಗಳ ಮೂಲಕ ಆ ಅರ್ಥವೇ ಕನ್ನಡದ ಓದುಗರಿಗೆ ಹೆಚ್ಚು ಪರಿಚಿತವಾಗಿದೆ. ‘1987ರಲ್ಲಿ ಹೆರೆಸಿ ಮತ್ತು ಕಾಂಕ್ರೀಟ್ ಸಾಕ್ಸ್ ಸ್ಪ್ಲಿಟ್ ಮಾಡಿದವು’ ಎಂದು ಬರೆದರೆ, ಆ ವರ್ಷ ಎರಡೂ ತಂಡಗಳಲ್ಲಿ ಜಗಳವಾಯಿತೆಂದು ಓದುವವರೇ ಹೆಚ್ಚು. ನಡೆದದ್ದು ಅದಕ್ಕೆ ತೀರ ವಿರುದ್ಧ. ನಾಟಿಂಗ್‌ಹ್ಯಾಮ್ ಎಂಬ ಒಂದೇ ಊರಿನ ಆ ಎರಡು ತಂಡಗಳು, ಅದೇ ಊರಿನ ಇಯರೇಕ್ ಎಂಬ ಆಗಿನ್ನೂ ಹೊಸದಾಗಿದ್ದ ಸಂಸ್ಥೆಯ ಮೊದಮೊದಲ ತಟ್ಟೆಗಳಲ್ಲೊಂದನ್ನು ಬದಿಗೊಬ್ಬರಂತೆ ತುಂಬಿಕೊಟ್ಟಿದ್ದವು.

ಸರಿಯಾದ ಪದ ಹುಡುಕಲು ವಸ್ತುವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕಾಗುತ್ತದೆ. ತಟ್ಟೆಯೊಂದನ್ನು ಅಚ್ಚು ಹಾಕಿಸಲು ಮೊದಲು ಲ್ಯಾಕರ್ ಲೇಪಿಸಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ದನಿಯ ಗೆರೆಯನ್ನು ಕೊರೆಯಿಸಬೇಕು, ಅದರಿಂದ ಲೋಹದ ಪಡಿಯಚ್ಚು ತೆಗೆಸಬೇಕು, ಆಮೇಲಷ್ಟೇ ಒತ್ತುಯಂತ ನಡೆಯುತ್ತದೆ. ಮುನ್ನೂರು ಪ್ರತಿ ತೆಗೆಸಿದರೂ ಮೂರು ಸಾವಿರ ತೆಗೆಸಿದರೂ ಈ ಮೊದಲ ಖರ್ಚು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಏಳು ಇಂಚಿನ ತಟ್ಟೆಯು ನಿಮಿಷಕ್ಕೆ 45 ಸುತ್ತಿನ ವೇಗದಲ್ಲಿ ಬದಿಗೆ ಸುಮಾರು ಐದು ನಿಮಿಷದ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ; ಒಂದೊಂದು ಹಾಡು ಒಂದೇ ನಿಮಿಷದಲ್ಲಿ ಮುಗಿಯುವ ಹಾರ್ಡ್‌ಕೋರ್ ತಂಡಕ್ಕೆ ಅಷ್ಟೇ ಸಾಕು. ಖರ್ಚು ಅರ್ಧಕ್ಕಿಳಿಯುತ್ತದೆ, ಒಂದು ತಂಡದ ಕೇಳುಗರು ತಟ್ಟೆ ಮಗುಚುವ ಹೊತ್ತಿಗೆ ಇನ್ನೊಂದು ತಂಡದ ಕೇಳುಗರಾಗುತ್ತಾರೆ. ಹೊದಿಕೆಯಲ್ಲೂ ಈ ಸಮಭಾವವನ್ನು ಕಾಣಬಹುದು. ಎಷ್ಟೋ ತಟ್ಟೆಗಳಿಗೆ ಹಿಂಬದಿಯೇ ಇರುವುದಿಲ್ಲ, ಎರಡೂ ಕಡೆ ಮುಖಪುಟವೇ. ಯಾವ ಕಡೆಯಿಂದ ಕೈಗೆತ್ತಿಕೊಂಡರೂ ಎದುರಿಗೆ ಕಾಣುವ ತಂಡವೇ ಮೊದಲನೆಯದು. ಆದರೆ ಹಾಡು ಮುಗಿದ ಮೇಲೆ ಮುಳ್ಳು ಸುಮ್ಮನೆ ಸುತ್ತುವ, ನಡುಚೀಟಿಯ ಅಂಚಿನ ನುಣುಪಾದ ಜಾಗದಲ್ಲಿ ಕೈಯಿಂದ ಗೀರಿದ ಗುರುತಿನ ಸಂಖ್ಯೆ ಇರುತ್ತದಲ್ಲ, ಅದರ ಕೊನೆಯಲ್ಲಿ ‘ಎ’ ಅಥವಾ ‘ಬಿ’ ಎಂಬ ಅಕ್ಷರ ಸಾಮಾನ್ಯವಾಗಿ ಇರುತ್ತದೆ. ಹೊದಿಕೆ ಎಷ್ಟೇ ಮರೆಮಾಡಿದರೂ ಕಾರ್ಖಾನೆಗೆ ಒಂದು ಕ್ರಮ ಬೇಕೇ ಬೇಕು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಆ ಗೀರು ಕಾಣಿಸುತ್ತದೆ.

ಹಣ ಉಳಿಸುವುದಷ್ಟೇ ಇದರ ಕಾರಣ ಎಂದುಕೊಂಡರೆ ತಪ್ಪಾಗುತ್ತದೆ. 1980ರಲ್ಲಿ ಕ್ರಾಸ್ ಮತ್ತು ಪಾಯ್ಸನ್ ಗರ್ಲ್ಸ್ ತಂಡಗಳು ಒಂದು ತಟ್ಟೆಯನ್ನು ಹಂಚಿಕೊಂಡು, ಅದರಿಂದ ಬಂದ ಹಣವನ್ನು ಲಂಡನ್ನಿನ ವಾಪಿಂಗ್‌ನಲ್ಲಿ ತೆರೆದ ಅರಾಜಕವಾದಿಗಳ ಕೇಂದ್ರಕ್ಕೆ ಕೊಟ್ಟವು. 1986ರಲ್ಲಿ ಇಪ್ಸ್‌ವಿಚ್‌ನ ಎಕ್ಸ್‌ಟ್ರೀಮ್ ನಾಯ್ಸ್ ಟೆರರ್ ತಂಡದ ಮೊದಲ ತಟ್ಟೆ ಬಂದದ್ದೇ ತನಗಿಂತ ಹಳೆಯದಾದ ಕೇಯಾಸ್ ಯುಕೆ ತಂಡದೊಡನೆ, ಬ್ರಿಸ್ಟಲ್‌ನ ಮ್ಯಾನಿಕ್ ಇಯರ್ಸ್ ಸಂಸ್ಥೆಯಿಂದ. ಹಿರಿಯರು ಕಿರಿಯರಿಗೆ ಒಂದು ಬದಿ ಬಿಟ್ಟುಕೊಡುವ ಈ ನಡೆಯಲ್ಲಿ ಔದಾರ್ಯವೂ ಇದೆ, ನಂಟೂ ಇದೆ. ಪದಕ್ಕೆ ಈ ಭಾರವನ್ನು ಹೊರುವ ಶಕ್ತಿ ಇರಬೇಕು ಎಂಬುದು ನನ್ನ ಆಗ್ರಹ.

‘ಜುಗಲ್‌ಬಂದಿ’ ಎನ್ನಬಹುದಲ್ಲ ಎಂದು ಥಟ್ಟನೆ ಅನಿಸುತ್ತದೆ. ಆದರೆ ಜುಗಲ್‌ಬಂದಿಯಲ್ಲಿ ಇಬ್ಬರು ಒಂದೇ ಹೊತ್ತಿನಲ್ಲಿ, ಒಂದೇ ರಾಗದಲ್ಲಿ, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುತ್ತ ನುಡಿಸುತ್ತಾರೆ. ಸ್ಪ್ಲಿಟ್ ತಟ್ಟೆಯ ತಂಡಗಳು ಸಾಮಾನ್ಯವಾಗಿ ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ದಿನ ಮುದ್ರಿಸಿಕೊಂಡವು. ‘ಯುಗಳ’ಕ್ಕೂ ಇದೇ ತೊಂದರೆ. ಇವಕ್ಕಿಂತ ಹೆಚ್ಚು ಹತ್ತಿರ ಬರುವ ಪದಗಳು ಯಕ್ಷಗಾನದಲ್ಲಿವೆ. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಏಕಕಾಲಕ್ಕೆ ಆಡಿದರೆ ಅದು ಜೋಡಾಟ. ಎರಡು ಮೇಳಗಳ ಕಲಾವಿದರು ಬೆರೆತು ಒಂದೇ ರಂಗಸ್ಥಳದಲ್ಲಿ ಒಂದೇ ಪ್ರಸಂಗವನ್ನು ಆಡಿದರೆ ಅದು ಕೂಡಾಟ. ಈ ಸೂಕ್ಷ್ಮ ಭೇದ ನಮ್ಮ ಭಾಷೆಯಲ್ಲಿ ಮೊದಲೇ ಸಿದ್ಧವಾಗಿದೆ ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಪ್ರತಿ ತಂಡವೂ ತನ್ನತನವನ್ನು ಉಳಿಸಿಕೊಂಡೇ ಇನ್ನೊಂದರ ಪಕ್ಕದಲ್ಲಿ ನಿಲ್ಲುವ ಸ್ಪ್ಲಿಟ್ ಜೋಡಾಟದ ಕಡೆಯದು. ಎರಡು ತಂಡಗಳು ಕೂಡಿ ಒಂದೇ ಹಾಡು ಕಟ್ಟಿದರೆ ಅದು ಕೂಡಾಟದ ಕಡೆಯದು. ಜೋಡಾಟದಲ್ಲಿ ಪೈಪೋಟಿಯ ಕಾವು ಹೆಚ್ಚು, ಸ್ಪ್ಲಿಟ್‌ನಲ್ಲಿ ಅದು ಕಡಿಮೆ ಎಂಬ ವ್ಯತ್ಯಾಸವನ್ನು ಒಪ್ಪಿಕೊಳ್ಳಲೇಬೇಕು.

ಹಾಗಾದರೆ ‘ಜೋಡುತಟ್ಟೆ’ ಎನ್ನಬಹುದೆ? ಇಲ್ಲಿ ಇನ್ನೊಂದು ಅಡ್ಡಿ ಬರುತ್ತದೆ. ಜೋಡು ಎಂದರೆ ಎರಡು, ಆದ್ದರಿಂದ ಜೋಡುತಟ್ಟೆ ಎಂದರೆ ಒಂದೇ ಹೊದಿಕೆಯಲ್ಲಿ ಎರಡು ತಟ್ಟೆಗಳಿರುವ ಡಬಲ್ ಎಲ್‌ಪಿ ಎಂದೇ ಕೇಳಿಸುತ್ತದೆ. ‘ಇಬ್ಬದಿ ತಟ್ಟೆ’ಯಂತೂ ಆಗದು, ಎಲ್ಲ ತಟ್ಟೆಗಳಿಗೂ ಎರಡು ಬದಿಗಳಿವೆ. ‘ಜಂಟಿ’ ಎಂಬುದು ಪಹಣಿ, ಬ್ಯಾಂಕ್ ಖಾತೆಗಳ ಸಹವಾಸದಲ್ಲಿ ಬೆಳೆದ ಪದ, ಅರ್ಥಕ್ಕೆ ಹೊಂದಿದರೂ ದನಿಗೆ ಹೊಂದದು.

ನನ್ನ ಒಲವು ‘ಪಾಲು’ ಎಂಬ ಪದದ ಕಡೆಗಿದೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಮಾಡಿಕೊಳ್ಳುವುದೂ ಪಾಲು, ಒಂದು ಕೆಲಸದಲ್ಲಿ ಒಟ್ಟಾಗಿ ತೊಡಗುವುದೂ ಪಾಲ್ಗೊಳ್ಳುವುದೇ. ಹಿಸ್ಸೆಗೂ ಸಹಭಾಗಕ್ಕೂ ಒಂದೇ ಬೇರು. ಇಂಗ್ಲಿಷ್ ಪದ ಹೇಗೆ ಬೇರ್ಪಡುವುದನ್ನೂ ಹಂಚಿಕೊಳ್ಳುವುದನ್ನೂ ಒಟ್ಟಿಗೆ ಸೂಚಿಸುತ್ತದೋ ಹಾಗೆಯೇ ಇದೂ ಸೂಚಿಸುತ್ತದೆ. ‘ನೀರುಪಾಲಾಯಿತು’ ಎಂಬ ಬಳಕೆಯ ನೆರಳು ಬೀಳಬಹುದು, ಆದರೆ ‘ಪಾಲಿಗೆ ಬಂದದ್ದು ಪಂಚಾಮೃತ’ ಎಂಬ ಗಾದೆಯೂ ಅದೇ ಪದದ್ದು. ‘ಪಾಲುತಟ್ಟೆ’ ಎಂದರೆ ಕಿವಿಗೆ ಹಿತವಾಗಿದೆ. ತೊಡಕಿರುವುದು ಉತ್ತರಪದದಲ್ಲಿ: 1980ರ ದಶಕದಿಂದಲೂ ಎಷ್ಟೋ ಸ್ಪ್ಲಿಟ್‌ಗಳು ಕ್ಯಾಸೆಟ್ಟಿನಲ್ಲಿ ಬಂದಿವೆ, ಈಗ ಅಂತರಜಾಲದಲ್ಲಷ್ಟೇ ಬರುವುವೂ ಇವೆ, ಅವನ್ನು ತಟ್ಟೆ ಎನ್ನಲಾಗದು. ‘ಪಾಲುಮುದ್ರಿಕೆ’ ಎಂದರೆ ಎಲ್ಲವೂ ಒಳಗೊಳ್ಳುತ್ತದೆ, ಆದರೆ ಅಚ್ಚಗನ್ನಡಕ್ಕೆ ಸಂಸ್ಕೃತವನ್ನು ಬೆಸೆದ ಅರಿಸಮಾಸ ಎಂದು ವೈಯಾಕರಣರು ಆಕ್ಷೇಪಿಸಬಹುದು. ಬಳಕೆಯಲ್ಲಿ ಗೆದ್ದ ಅರಿಸಮಾಸಗಳು ನಮ್ಮಲ್ಲಿ ಬೇಕಾದಷ್ಟಿವೆ ಎಂಬುದು ನನ್ನ ಸಮಾಧಾನ. ಈ ಬಗ್ಗೆ ವ್ಯಾಕರಣ ಬಲ್ಲವರ ಮಾತನ್ನು ಕೇಳಲು ಕಾದಿದ್ದೇನೆ.

ಪದವನ್ನು ಕೆಲವು ಗಡಿ ಪ್ರಸಂಗಗಳಲ್ಲಿ ಒರೆಗೆ ಹಚ್ಚಿ ನೋಡುವುದು ಒಳ್ಳೆಯದು. ಬರ್ಮಿಂಗ್‌ಹ್ಯಾಮ್ ಕಡೆಯ ನೇಪಾಮ್ ಡೆತ್ ತಂಡದ ‘ಸ್ಕಮ್’ 1987ರಲ್ಲಿ ಬಂತು. ಅದರ ಒಂದು ಬದಿ 1986ರಲ್ಲಿ, ಇನ್ನೊಂದು ಬದಿ 1987ರಲ್ಲಿ ಮುದ್ರಿತವಾದದ್ದು. ನಡುವೆ ತಂಡದವರು ಬದಲಾಗಿ, ಎರಡೂ ಬದಿಗಳಲ್ಲಿರುವವರು ಡ್ರಮ್ ನುಡಿಸಿದ ಮಿಕ್ ಹ್ಯಾರಿಸ್ ಒಬ್ಬರೇ. ಕೇಳಿದರೆ ಎರಡು ತಂಡಗಳೆನಿಸುತ್ತದೆ, ಹೆಸರು ಮಾತ್ರ ಒಂದು. ಇದು ಪಾಲುಮುದ್ರಿಕೆಯಲ್ಲ ಎಂದೇ ನನ್ನ ತೀರ್ಮಾನ, ಏಕೆಂದರೆ ಇಲ್ಲಿ ಯಾರೂ ಯಾರಿಗೂ ಪಾಲು ಕೊಟ್ಟಿಲ್ಲ. ಅದೇ ತಟ್ಟೆಯಲ್ಲಿದ್ದ ‘ಯು ಸಫರ್’ ಎಂಬ ಒಂದೂವರೆ ಸೆಕೆಂಡನ್ನೂ ಮುಟ್ಟದ ಹಾಡು 1989ರಲ್ಲಿ ಎಲೆಕ್ಟ್ರೋ ಹಿಪ್ಪೀಸ್ ತಂಡದ ಅಷ್ಟೇ ಗಿಡ್ಡ ಹಾಡೊಂದರ ಬೆನ್ನಿಗೆ ಏಳು ಇಂಚಿನ ತಟ್ಟೆಯಾಗಿ ಬಂದಾಗ ಮಾತ್ರ ಅದು ಪಾಲುಮುದ್ರಿಕೆಯೇ ಸರಿ. 1993ರಲ್ಲಿ ಬ್ರೈಟನ್‌ನ ಹಗ್ಗಿ ಬೇರ್ ಮತ್ತು ಅಮೆರಿಕದ ಬಿಕಿನಿ ಕಿಲ್ ಹಂಚಿಕೊಂಡ ತಟ್ಟೆಯಲ್ಲಿ ಪ್ರತಿ ಬದಿಗೂ ಬೇರೆ ಶೀರ್ಷಿಕೆಯಿತ್ತು. ಆಗ ‘ಹಗ್ಗಿ ಬೇರ್‌ನ ಪಾಲು’, ‘ಬಿಕಿನಿ ಕಿಲ್‌ನ ಪಾಲು’ ಎಂದು ಬದಿಗಳನ್ನು ಹೆಸರಿಸಲು ಈ ಪದವೇ ಅನುಕೂಲವಾಗುತ್ತದೆ.

ಎರಡನೆಯ ಪ್ರಶ್ನೆ ‘ಸ್ಕ್ರೀಮೋ’ ಕುರಿತದ್ದು. 1990ರ ದಶಕದ ಆರಂಭದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಸುತ್ತಮುತ್ತ ಹುಟ್ಟಿದ ಈ ಪ್ರಕಾರದ ಹೆಸರು ಹೆಸರಾಗಿಯೇ ಉಳಿಯಲಿ, ಅದಕ್ಕೆ ಕನ್ನಡ ಪದ ಬೇಡ. ಬೇಕಾಗಿರುವುದು ಅಲ್ಲಿನ ಹಾಡುಗಾರಿಕೆಯನ್ನು ಬಣ್ಣಿಸುವ ಕ್ರಿಯಾಪದ. ಅರಚು ಎಂದರೆ ತಾತ್ಸಾರ ಸೇರಿಕೊಳ್ಳುತ್ತದೆ. ಕಿರುಚು ಎಂದರೆ ಬೆದರಿಕೆ ಮುಂದೆ ಬರುತ್ತದೆ. ಬೊಬ್ಬೆ ಕರಾವಳಿಯವರಿಗೆ ಬರಿಯ ಗದ್ದಲ. ನಾಟಿಂಗ್‌ಹ್ಯಾಮ್‌ನ ಬಾಬ್ ಟಿಲ್ಟನ್ ತಂಡದ 1996ರ ‘ಕ್ರೆಸೆಂಟ್’ ಕೇಳಿದವರಿಗೆ ನನ್ನ ಕಷ್ಟ ತಿಳಿಯುತ್ತದೆ: ಗಿಟಾರಿನ ತಂತಿಗಳನ್ನು ಒಂದೊಂದಾಗಿ ಮೀಟುತ್ತ ಸಂಗೀತ ನಿಧಾನವಾಗಿ ನಡೆಯುವಾಗ ದನಿ ಮಾತಿನಷ್ಟೇ ತಗ್ಗಿನಲ್ಲಿರುತ್ತದೆ, ಅನಂತರ ವಾದ್ಯಗಳೆಲ್ಲ ಒಮ್ಮೆಗೇ ಮೇಲೆದ್ದಾಗ ಅದೇ ದನಿ ಗಂಟಲು ಬಿರಿಯುವಂತೆ ಏರುತ್ತದೆ. ಅದರಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚು. ‘ಚೀರು’ ಎಂಬುದೇ ಇದಕ್ಕೆ ತಕ್ಕದ್ದು ಎಂದುಕೊಂಡಿದ್ದೇನೆ, ‘ಒರಲು’ ಕೂಡ ಕೆಲವೆಡೆ ಒಪ್ಪುತ್ತದೆ. ನೇಪಾಮ್ ಡೆತ್‌ನಂತಹ ಗ್ರೈಂಡ್‌ಕೋರ್ (ಹಾರ್ಡ್‌ಕೋರ್ ಪಂಕ್‌ನ ಇನ್ನೂ ಬಿರುಸಾದ ಕವಲು) ತಂಡಗಳ ಹೊಟ್ಟೆಯಾಳದ ದನಿಗೆ ‘ಗುಟುರು’ ಎಂಬ ಪದವಿದ್ದೇ ಇದೆ. ಚೀರುವುದು, ಗುಟುರು ಹಾಕುವುದು ಎಂದು ಬೇರೆ ಬೇರೆಯಾಗಿ ಬರೆದರೆ ಎರಡು ಪ್ರಕಾರಗಳ ವ್ಯತ್ಯಾಸ ವಿವರಣೆಯಿಲ್ಲದೆ ತಿಳಿಯುತ್ತದೆ.

ಹಾರ್ಡ್‌ಕೋರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರಿಟನ್ನಿನ ಗಾರೆ ಕೆಲಸದವರು ರಸ್ತೆಗೂ ತಳಪಾಯಕ್ಕೂ ತುಂಬುವ ಇಟ್ಟಿಗೆಚೂರು, ಕಲ್ಲುಚೂರುಗಳಿಗೆ ಇದೇ ಪದ ಬಳಸುತ್ತಾರೆಂಬುದು ನೆನಪಿನಲ್ಲಿರಲಿ. 1990ರ ಆಸುಪಾಸಿನಲ್ಲಿ ಅಲ್ಲಿನ ರೇವ್ ಕುಣಿತದ ಸಂಗೀತವೊಂದಕ್ಕೂ ಇದೇ ಹೆಸರಿತ್ತು. ಆದ್ದರಿಂದ ‘ಹಾರ್ಡ್‌ಕೋರ್ ಪಂಕ್’ ಎಂದು ಪೂರ್ತಿ ಬರೆಯುವುದು ಕ್ಷೇಮ.

‘ಭೂಗತ’ ಎಂಬ ಪದದ ಬಗ್ಗೆ ಮಾತ್ರ ನನ್ನ ವಿರೋಧ ಗಟ್ಟಿಯಾಗಿದೆ. ಅಂಡರ್‌ಗ್ರೌಂಡ್ ಸಂಗೀತವನ್ನು ಭೂಗತ ಸಂಗೀತ ಎಂದು ಅನುವಾದಿಸಿದ ಕೂಡಲೇ ಕನ್ನಡದ ಪತ್ರಿಕೆ ಓದುವವರಿಗೆ ಭೂಗತ ಲೋಕ, ಭೂಗತ ಪಾತಕಿ ನೆನಪಾಗುತ್ತಾರೆ. ತುರ್ತುಪರಿಸ್ಥಿತಿಯ ಕಾಲದ ಭೂಗತ ಚಟುವಟಿಕೆ ನೆನಪಾದರೂ ಅದರ ತಿರುಳು ಅಡಗಿಕೊಳ್ಳುವುದೇ. ಈ ತಂಡಗಳು ಅಡಗಿಕೊಂಡವರಲ್ಲ. ಅವರು ತಟ್ಟೆಯ ಹೊದಿಕೆಯ ಮೇಲೆ ತಮ್ಮ ಅಂಚೆ ವಿಳಾಸವನ್ನು ಅಚ್ಚು ಹಾಕಿಸಿ ಪತ್ರ ಬರೆಯಿರೆಂದು ಕರೆದವರು. ಕ್ರಾಸ್ ತಂಡವು ‘ಇದಕ್ಕಿಂತ ಹೆಚ್ಚು ಕೊಡಬೇಡಿ’ ಎಂದು ಬೆಲೆಯನ್ನೂ ಹೊದಿಕೆಯ ಮೇಲೆಯೇ ಸಾರಿತು. ‘ಮುಖ್ಯವಾಹಿನಿಯ ಹೊರಗಿನ’ ಎಂಬುದು ಉದ್ದವಾದರೂ ಸತ್ಯಕ್ಕೆ ಹತ್ತಿರ.

ಕಡೆಯದಾಗಿ ಬರಹದ ಒಂದು ಸಣ್ಣ ಸಮಸ್ಯೆ. ಇಂಥ ತಟ್ಟೆಗಳ ಹೆಸರನ್ನು ಇಂಗ್ಲಿಷಿನಲ್ಲಿ ನಡುವೆ ಓರೆಗೆರೆ ಹಾಕಿ ಬರೆಯುತ್ತಾರೆ. ಬ್ರಿಸ್ಟಲ್‌ನ ಸ್ವಾಲ್ಬಾರ್ಡ್ ತಂಡ 2014ರಲ್ಲಿ ಪರಿಸೋ ತಂಡದೊಡನೆ ಹಂಚಿಕೊಂಡ ತಟ್ಟೆ ‘ಪರಿಸೋ / ಸ್ವಾಲ್ಬಾರ್ಡ್’ ಎಂದಾಗುತ್ತದೆ. ಕನ್ನಡದಲ್ಲಿ ಓರೆಗೆರೆಯನ್ನು ನಾವು ‘ಅಥವಾ’ ಎಂದು ಓದುತ್ತೇವೆ, ಇಲ್ಲಿ ಆ ಅರ್ಥವಿಲ್ಲ. ‘ಮತ್ತು’ ಎಂದರೆ ಒಟ್ಟಿಗೆ ನುಡಿಸಿದರೆಂದಾಗುತ್ತದೆ. ‘ಪರಿಸೋ–ಸ್ವಾಲ್ಬಾರ್ಡ್ ಪಾಲುಮುದ್ರಿಕೆ’ ಎಂದು ನಡುಗೆರೆ ಹಾಕಿ, ಓದುವಾಗ ದ್ವಂದ್ವಸಮಾಸದಂತೆ ಒಂದೇ ಉಸಿರಿನಲ್ಲಿ ಹೇಳಿದರೆ ಸಾಲದೆ? ಗ್ರಂಥಸೂಚಿ, ಗಾನಸೂಚಿಗಳನ್ನು ಸಿದ್ಧಪಡಿಸಿದ ಅನುಭವ ಇರುವವರು ಯಾವ ಚಿಹ್ನೆ ಬಳಸುತ್ತಾರೆ, ಎರಡು ಹೆಸರುಗಳಲ್ಲಿ ಯಾವುದನ್ನು ಅಕಾರಾದಿಯ ಸ್ಥಾನಕ್ಕೆ ತೆಗೆದುಕೊಳ್ಳುತ್ತಾರೆ, ಇನ್ನೊಂದರ ಕೆಳಗೆ ‘ನೋಡಿ’ ಎಂಬ ಸೂಚನೆ ಕೊಡುತ್ತಾರೆಯೇ ಎಂಬುದನ್ನು ದಯವಿಟ್ಟು ತಿಳಿಸಬೇಕು. ಯಕ್ಷಗಾನದ ಕಡೆಯವರಲ್ಲಿ ಇನ್ನೊಂದು ಕೋರಿಕೆ: ಜೋಡಾಟ, ಕೂಡಾಟಗಳಲ್ಲದೆ, ಎರಡು ಮೇಳಗಳು ಒಂದರ ನಂತರ ಒಂದರಂತೆ ಒಂದೇ ರಾತ್ರಿಯನ್ನು ಹಂಚಿಕೊಂಡರೆ ಅದಕ್ಕೆ ಬೇರೆ ಹೆಸರೇನಾದರೂ ಬಳಕೆಯಲ್ಲಿದೆಯೆ? ಇದ್ದರೆ ನನ್ನ ‘ಪಾಲುಮುದ್ರಿಕೆ’ಯನ್ನು ಬಿಟ್ಟು ಆ ಪದವನ್ನೇ ಹಿಡಿಯಲು ಸಿದ್ಧನಿದ್ದೇನೆ.