ಆರ್‌ಸಿ ಬುಕ್ಕಿನಲ್ಲಿ ಮಿಡ್ಜೆಟ್, ಎಂಜಿನ್ ಮೇಲೆ ಟಿಡಿ2: ಈ ಗಾಡಿಯ ಹೆಸರೇನು?

ಇಂಡಿ ಹುಡುಗ, ಪುಣೆ:

ಎಲ್ಲರಿಗೂ ನಮಸ್ಕಾರ. ಪುಣೆ ಕ್ಯಾಂಪಿನ ಒಂದು ಹಳೇ ಬಂಗಲೆಯಲ್ಲಿ ನಮ್ಮಪ್ಪ 31 ವರ್ಷ ಡ್ರೈವರ್ ಆಗಿದ್ದರು. ದಿನಾ ಓಡಿಸುತ್ತಿದ್ದದ್ದು ಅಂಬಾಸಿಡರ್. ಶೆಡ್ಡಿನಲ್ಲಿ ಇನ್ನೊಂದು ಪುಟ್ಟ ಕೆಂಪು ಗಾಡಿ ಇತ್ತು, ಅದು ಭಾನುವಾರ ಮಾತ್ರ ಹೊರಗೆ ಬರುತ್ತಿತ್ತು. ಎರಡೇ ಸೀಟು. ಮುಂದಿನ ಗಾಜು ಪೂರ್ತಿ ಮಡಚಿ ಬಾನೆಟ್ ಮೇಲೆ ಮಲಗಿಸಬಹುದು. ಅಪ್ಪ ಅದನ್ನು ಬ್ರಿಟಿಷ್ ಕಂಪನಿಯ ಹೆಸರಿನಿಂದ 'ಎಂಜಿ' ಅನ್ನುತ್ತಿದ್ದರು, ಅಷ್ಟೇ.

ಈಗ ಅಪ್ಪನೂ ಇಲ್ಲ, ಯಜಮಾನರೂ ಇಲ್ಲ. ಯಜಮಾನರ ಮಗಳು ಗಾಡಿ ಮಾರಬೇಕು ಅಂತಿದ್ದಾರೆ. ಜಾಹೀರಾತು ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಡ್ರೈವರ್ ಮಗ ಅಲ್ವಾ, ಎಲ್ಲ ಗೊತ್ತಿರುತ್ತೆ ಅಂತ ಅವರ ನಂಬಿಕೆ. ನನಗೆ ಗೊತ್ತಿರುವುದು ಆ ಗಾಡಿಗೆ ನೀರು ಹಾಕಿ ಒರೆಸುವುದು ಮಾತ್ರ.

ಆರ್‌ಸಿ ಬುಕ್ಕಿನಲ್ಲಿ 'ಎಂಜಿ ಮಿಡ್ಜೆಟ್, 1952' ಎಂದಿದೆ. ನೋಡಲು ಬಂದ ಒಬ್ಬ ಡೀಲರ್, "ಮಿಡ್ಜೆಟ್ ಅರವತ್ತರ ದಶಕದ್ದು, ಬುಕ್ಕೇ ತಪ್ಪು" ಎಂದು ಹೇಳಿ ಅರ್ಧ ರೇಟು ಕೇಳಿದ. ನನ್ನ ತಂಗಿ ಮಗ ಫೋಟೋ ಹಾಕಿ ಹುಡುಕಿ "ಮಾಮಾ, ಇದು ಟಿಸಿ" ಅಂತಾನೆ, ಅದು ಎಂಜಿಯದೇ ಇನ್ನೊಂದು ಮಾದರಿಯಂತೆ. ಎಂಜಿನ್ ಮೇಲೆ ಎಂಟು ಮೂಲೆಯ ಹಿತ್ತಾಳೆ ಬಿಲ್ಲೆ ಇದೆ, ಅದರಲ್ಲಿ ಎಕ್ಸ್‌ಪಿಎಜಿ/ಟಿಡಿ2 ಅಂತ ಓದಿದೆ. ಹಾಗಾದರೆ ಎಂಜಿಯ ಟಿಡಿ ಮಾದರಿಯಲ್ಲಿ ಮಾರ್ಕ್ 2 ಅಲ್ವಾ? ಅದು ಅಪರೂಪದ್ದಂತೆ. ಖುಷಿಯಲ್ಲಿ 'ವಿಂಟೇಜ್ ಎಂಜಿ ಟಿಡಿ ಮಾರ್ಕ್ 2' ಎಂದು ಬರೆದೂಬಿಟ್ಟಿದ್ದೇನೆ. ಇನ್ನೂ ಹಾಕಿಲ್ಲ.

ಮಾಟುಂಗಾ ಮಾಮ, ಮುಂಬೈ:

ಹಾಕಬೇಡಿ, ಸ್ವಲ್ಪ ತಡೀರಿ.

ನಾನು ಆಪೆರಾ ಹೌಸ್ ಹತ್ತಿರ ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಕೂತು ತಲೆ ಹಣ್ಣು ಮಾಡಿಕೊಂಡವನು. ಈ ಟಿಡಿ2 ಗೊಂದಲ ನಿಮ್ಮದೊಂದೇ ಅಲ್ಲ, ಎಷ್ಟೋ ಜನ ಇದನ್ನು ನಂಬಿ ದುಡ್ಡು ಜಾಸ್ತಿ ಕೊಟ್ಟಿದ್ದಾರೆ. 1951ರಲ್ಲಿ ಎಂಜಿಯವರು ಟಿಡಿಗೆ ದೊಡ್ಡ ಕ್ಲಚ್ ಹಾಕಿದರು. ಏಳೂಕಾಲು ಇಂಚು ಇದ್ದದ್ದು ಎಂಟು ಇಂಚು ಆಯಿತು. ಕ್ಲಚ್ ಪ್ಲೇಟ್ ಕೇಳಿಕೊಂಡು ಬಂದವನಿಗೆ ಯಾವುದು ಕೊಡಬೇಕು ಅಂತ ಗೊತ್ತಾಗಬೇಕಲ್ಲ, ಅದಕ್ಕೇ ಎಂಜಿನ್ ನಂಬರಿನ ಮುಂದೆ ಟಿಡಿ2 ಎಂದು ಹೊಡೆದರು. ಅದು ಎಂಜಿನ್ನಿನ ಗುರುತು, ಗಾಡಿಯ ಹೆಸರಲ್ಲ.

ಮಾರ್ಕ್ 2 ಬೇರೆಯೇ. ಅದು ರೇಸಿಗೆ ಹೋಗುವವರಿಗೆ ಮಾಡಿದ್ದು. ಎಸ್‌ಯು ಕಂಪನಿಯ ದೊಡ್ಡ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ), ಎರಡು ಪೆಟ್ರೋಲ್ ಪಂಪ್, ಮಾಮೂಲಿ ಶಾಕ್ ಅಬ್ಸಾರ್ಬರ್ ಜೊತೆ ಹೆಚ್ಚುವರಿ ಒಂದು ಜೋಡಿ. ಮುಖ್ಯವಾಗಿ ಗಾಡಿ ನಂಬರು (ರಿಜಿಸ್ಟ್ರೇಷನ್ ನಂಬರಲ್ಲ, ಕಂಪನಿ ಕೊಟ್ಟದ್ದು) ಟಿಡಿ/ಸಿ ಎಂದು ಶುರುವಾಗಬೇಕು. ಎಂಜಿನ್ ಬಿಡಿ, ಗಾಡಿಯ ಪ್ಲೇಟ್ ಓದಿ. ಚಾಸಿ, ಅಂದರೆ ಗಾಡಿಯ ಅಡಿ ಚೌಕಟ್ಟಿನ ಮುಂದೆ ಎಡಗಡೆ ಕಬ್ಬಿಣದ ಮೇಲೂ ಅದೇ ನಂಬರು ಕೆತ್ತಿರುತ್ತಾರೆ, ಗ್ರೀಸ್ ಕೆರೆದರೆ ಸಿಗುತ್ತದೆ.

ಇನ್ನು ಮಿಡ್ಜೆಟ್. ನಿಮ್ಮ ಬುಕ್ಕು ಸರಿಯಾಗಿಯೇ ಇದೆ, ತಪ್ಪಿದ್ದು ಡೀಲರ್. ಎಂಜಿಯ ಚಿಕ್ಕ ಗಾಡಿಗಳಿಗೆ 1929ರಿಂದಲೇ ಆ ಹೆಸರಿತ್ತು. ಟಿಸಿ, ಟಿಡಿ, ಟಿಎಫ್ ಎಲ್ಲವೂ ಮಿಡ್ಜೆಟ್ಟೇ. 1961ರಲ್ಲಿ ಬೇರೆ ಆಕಾರದ ಗಾಡಿಗೆ ಮತ್ತೆ ಅದೇ ಹೆಸರಿಟ್ಟರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟ ಹಾಗೆ. ಆ ಡೀಲರಿಗೆ ಮೊಮ್ಮಗ ಮಾತ್ರ ಗೊತ್ತು. ಅಥವಾ ಇಬ್ಬರೂ ಗೊತ್ತಿದ್ದು ಸುಮ್ನೆ ರೇಟು ಇಳಿಸಿದ.

ಟಿಸಿ ಅಂದಿದ್ದಾನಲ್ಲ ಹುಡುಗ, ಚಕ್ರ ನೋಡಲಿ. ಟಿಸಿಗೆ 19 ಇಂಚಿನ ಕಡ್ಡಿ ಚಕ್ರ, ಸೈಕಲ್ ಥರ ತೆಳ್ಳಗೆ ಎತ್ತರಕ್ಕೆ. ಟಿಡಿಗೆ 15 ಇಂಚಿನ ಉಕ್ಕಿನ ಡಿಸ್ಕ್. ಟಿಸಿ 1949ಕ್ಕೇ ನಿಂತಿತು.

ವಾಸ್ಕೋ ಸ್ಪ್ಯಾನರ್, ಗೋವಾ:

ಮಾಮಾ, ಚಕ್ರ ಮಾತ್ರ ನಂಬಬೇಡಿ. ಶೋಕಿಗೆ ಟಿಡಿಗೆ ಕಡ್ಡಿ ಚಕ್ರ ಹಾಕಿಸಿದವರಿದ್ದಾರೆ. ಕೆಳಗೆ ಬಗ್ಗಿ ಮುಂದಿನ ಸ್ಪ್ರಿಂಗ್ ನೋಡಿ. ಲೀಫ್ (ಒಂದರ ಮೇಲೊಂದು ಪಟ್ಟಿ) ಇದ್ದರೆ ಟಿಸಿ, ಕಾಯಿಲ್ (ಸುರುಳಿ) ಇದ್ದರೆ ಟಿಡಿ. ಹೆಡ್‌ಲೈಟ್ ಮಡ್‌ಗಾರ್ಡಿನೊಳಗೆ ಸೇರಿಕೊಂಡು, ರೇಡಿಯೇಟರ್ ಹಿಂದಕ್ಕೆ ವಾಲಿದ್ದರೆ ಟಿಎಫ್.

ಈ ಬ್ರಿಟಿಷರ ಹೆಸರಿನ ಸಹವಾಸವೇ ಬೇಡ. ಆಸ್ಟಿನ್-ಹೀಲಿ 100 ಅಂದರೆ ಗಂಟೆಗೆ 100 ಮೈಲಿ ಓಡುತ್ತೆ ಅಂತ. ಅದೇ ಕಂಪನಿಯ 3000 ಅಂದರೆ ಸಿಸಿ, ಅದೂ ಪೂರ್ತಿ 3000 ಇಲ್ಲ, 2912. ನಮ್ಮ ಗ್ಯಾರೇಜಿನ ಹುಡುಗ ಒಮ್ಮೆ, "3000 ಮೈಲಿ ಓಡುತ್ತಾ ಅಣ್ಣಾ?" ಅಂತ ಕೇಳಿದ್ದ.

ಮಾಟುಂಗಾ ಮಾಮ:

ಸ್ಪ್ರಿಂಗ್ ಮಾತು ಒಪ್ಪಿದೆ. ಇನ್ನೊಂದು. 'ವಿಂಟೇಜ್' ಎಂದು ಬರೆದಿದ್ದೀರಿ. ಹಳೇ ಗಾಡಿಯ ಮಂದಿ 1930ರವರೆಗಿನದಕ್ಕೆ ಮಾತ್ರ ಹಾಗನ್ನುತ್ತಾರೆ, ನಿಮ್ಮದು ಅವರಿಗೆ ಕ್ಲಾಸಿಕ್. ಆದರೆ 2021ರ ಕೇಂದ್ರ ಸರ್ಕಾರದ ನಿಯಮದಲ್ಲಿ 50 ವರ್ಷ ದಾಟಿ ಮೂಲ ರೂಪದಲ್ಲಿದ್ದರೆ ವಿಂಟೇಜೇ, ಹೊಸದಾಗಿ ರಿಜಿಸ್ಟರ್ ಮಾಡಿಸಿದರೆ ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಬರುತ್ತದೆ, ಮೊದಲೇ ನಂಬರು ಇದ್ದ ಗಾಡಿಗೆ ಹಳೇ ನಂಬರೇ ಉಳಿಯುತ್ತದೆ. ಕೊಳ್ಳುವವನು ಯಾವ ಲೆಕ್ಕದವನು ಅಂತ ನೋಡಿಕೊಂಡು ಬರೆಯಿರಿ.

ಇಂಡಿ ಹುಡುಗ:

ಇವತ್ತು ಬೆಳಿಗ್ಗೆ ಟಾರ್ಚ್ ಹಿಡಿದು ಹೋಗಿದ್ದೆ. ಮುಂದೆ ಕಾಯಿಲ್ ಸ್ಪ್ರಿಂಗ್. ಪೆಟ್ರೋಲ್ ಪಂಪ್ ಒಂದೇ. ಪ್ಲೇಟ್ ಕರ್ರಗಾಗಿತ್ತು. ಮನೆಯಿಂದ ಹುಣಸೆಹಣ್ಣು ಒಯ್ದಿದ್ದೆ, ಅಮ್ಮ ದೀಪದ ಕಂಬ ತೊಳೆಯುವ ಹಾಗೆ ತಿಕ್ಕಿದೆ. ಮೊದಲು 'ಟಿ' ಕಂಡಿತು, ಆಮೇಲೆ 'ಡಿ', ಆಮೇಲೆ ನೇರ ಅಂಕಿ. 'ಸಿ' ಬರುತ್ತೇನೋ ಅಂತ ಇನ್ನೂ ಎರಡು ಸಲ ತಿಕ್ಕಿದೆ. ಬರಲಿಲ್ಲ. ಬರೀ ಟಿಡಿ. ಯಜಮಾನರ ಮಗಳಿಗೆ ಹೇಳಿದೆ. ಅವರು ನಕ್ಕು, "ಇದ್ದದ್ದೇ ಬರಿ" ಎಂದರು.

ಒಂದು ಸಂಶಯ. ನಾಲ್ಕೂ ಚಕ್ರದ ಡಿಸ್ಕಿನಲ್ಲಿ ಸುತ್ತ ತೂತುಗಳಿವೆ. ಹಿಂದೆ ಕಟ್ಟಿದ ಸ್ಟೆಪ್ನಿಯಲ್ಲಿ ಒಂದೂ ಇಲ್ಲ. ಅದು ಬೇರೆ ಗಾಡಿಯದಾ?

ಮಾಟುಂಗಾ ಮಾಮ:

ಟಿಡಿಯದೇ, ಆದರೆ ನಿಮ್ಮ ಗಾಡಿಯದಲ್ಲ. ಮೊದಮೊದಲ ಟಿಡಿಗಳಿಗೆ ತೂತಿಲ್ಲದ ಡಿಸ್ಕ್ ಬರುತ್ತಿತ್ತು. ಬ್ರೇಕಿಗೆ ಗಾಳಿ ಸಾಲದೆ ಬಿಸಿಯಾಗುತ್ತೆ ಅಂತ ಆಮೇಲೆ ತೂತು ಕೊಟ್ಟರು. 1952ರ ಗಾಡಿಗೆ ಅದು ಆಮೇಲೆ ಯಾರೋ ತಂದು ಕಟ್ಟಿದ್ದು. ಜಾಹೀರಾತಿನಲ್ಲಿ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ.

ಇಂಡಿ ಹುಡುಗ:

ಅಮ್ಮನನ್ನು ಕೇಳಿದೆ. ಅಪ್ಪ ಒಂದು ಸಲ ಮುಂಬೈಗೆ ಹೋಗಿ ಡೆಕ್ಕನ್ ಕ್ವೀನಿನಲ್ಲಿ ಚಕ್ರ ತಂದಿದ್ದರಂತೆ. ಸೀಟಿನ ಕೆಳಗೆ ಹಿಡಿಸದೆ ಪುಣೆವರೆಗೂ ಕಾಲ ಮೇಲೆ ಇಟ್ಟುಕೊಂಡು ಬಂದು, ಬಿಳಿ ಯೂನಿಫಾರ್ಮ್ ತುಂಬ ಗ್ರೀಸ್. "ಆ ಪ್ಯಾಂಟು ಎಷ್ಟು ತೊಳೆದರೂ ಹೋಗಲಿಲ್ಲ" ಅಂತ ಅಮ್ಮನಿಗೆ ಇವತ್ತಿಗೂ ಸಿಟ್ಟು.

ಮಾಟುಂಗಾ ಮಾಮ:

ಯಾವ ವರ್ಷ ಅಂತ ಅಮ್ಮನನ್ನು ಕೇಳಿ ನೋಡಿ. ನಮ್ಮ ಕೌಂಟರಿನಿಂದಲೇ ಹೋಗಿದ್ದರೂ ಹೋಗಿರಬಹುದು.