6ನೇ ಜನರೇಷನ್ ಐ5ಗೆ ವಿಂಡೋಸ್ 11 ಹಾಕಬಹುದಾ?

ಹಳೇ ಲ್ಯಾಪ್‌ಟಾಪ್:
ನನ್ನದು ಇಂಟೆಲ್ 6ನೇ ಜನರೇಷನ್ ಐ5, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದೆ. ಚೆನ್ನಾಗೇ ಓಡುತ್ತಿದೆ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11ಕ್ಕೆ ಹೋಗೋಣ ಅಂದರೆ ಪ್ರೊಸೆಸರ್ ಸಪೋರ್ಟ್ ಇಲ್ಲ ಅಂತ ನಿಂತುಬಿಡುತ್ತದೆ. ಫೈಲು, ಪ್ರೋಗ್ರಾಂ ಯಾವುದೂ ಹೋಗದ ಹಾಗೆ ಇದನ್ನು ದಾಟಬಹುದಾ? ದಾಟಿದ ಮೇಲೆ ಅಪ್‌ಡೇಟ್ ಬರುತ್ತವಾ?

ಬೂಟ್ ಮೆನು:
ದಾಟಬಹುದು. ಇಂಟೆಲ್‌ನಲ್ಲಿ 8ನೇ ಜನರೇಷನ್, ಎಎಂಡಿಯಲ್ಲಿ ರೈಝೆನ್ 2000, ಅದಕ್ಕಿಂತ ಹಳೆಯದಾದರೆ ಬೇಡ ಅನ್ನುವುದು ಇನ್‌ಸ್ಟಾಲರ್. ಒಳಗೆ ಹೋದ ಮೇಲೆ ಸಿಸ್ಟಮ್ ಆ ಪಟ್ಟಿ ಹಿಡಿದು ಕೂರುವುದಿಲ್ಲ. ಮೊದಲು ಟಿಪಿಎಂ (ವಿಂಡೋಸ್ 11 ಕೇಳುವ ಸೆಕ್ಯುರಿಟಿ ಚಿಪ್) ಆನ್ ಇದೆಯಾ ನೋಡಿ. ನಿಮ್ಮ ಪ್ರೊಸೆಸರ್‌ನಲ್ಲಿ ಸಾಮಾನ್ಯವಾಗಿ ಬಯಾಸ್ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಒಳಗೆ ಪಿಟಿಟಿ ಅನ್ನುವ ಹೆಸರಲ್ಲಿ ಇರುತ್ತದೆ, ಎಷ್ಟೋ ಸಲ ಸುಮ್ನೆ ಆಫ್ ಆಗಿರುತ್ತದೆ. ಆಮೇಲೆ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಲೋಕಲ್ ಮಷೀನ್, ಸಿಸ್ಟಮ್, ಸೆಟಪ್ ಒಳಗೆ ‘ಮೋಸೆಟಪ್’ ಅಂತ ಒಂದು ಕೀ ಮಾಡಿ, ಅದರಲ್ಲಿ ‘ಅಲೋ ಅಪ್‌ಗ್ರೇಡ್ಸ್ ವಿತ್ ಅನ್‌ಸಪೋರ್ಟೆಡ್ ಟಿಪಿಎಂ ಆರ್ ಸಿಪಿಯು’ ಅನ್ನುವ ಡಿವರ್ಡ್ (ಸಂಖ್ಯೆ ಹಿಡಿಯುವ ನಮೂದು) ಸೇರಿಸಿ 1 ಅಂತ ಕೊಡಿ (ಹೆಸರು ಇಂಗ್ಲಿಷ್‌ನಲ್ಲಿ, ನಡುವೆ ಜಾಗ ಬಿಡದೆ). ಇದು ಕದ್ದ ದಾರಿ ಏನಲ್ಲ, ಮೈಕ್ರೋಸಾಫ್ಟೇ ಒಮ್ಮೆ ತನ್ನ ಸಪೋರ್ಟ್ ಪುಟದಲ್ಲಿ ಹಾಕಿತ್ತು. ವಿಂಡೋಸ್ 11ರ ಐಎಸ್‌ಒ ಫೈಲನ್ನು (ಇನ್‌ಸ್ಟಾಲ್ ಡಿಸ್ಕ್‌ನ ಪ್ರತಿ) ವಿಂಡೋಸ್ ಒಳಗಿನಿಂದಲೇ ತೆರೆದು ಸೆಟಪ್ ಓಡಿಸಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹಾಕಿದರೆ ಪ್ರೋಗ್ರಾಂಗಳು ಉಳಿಯುವುದಿಲ್ಲ.

ಕೀಲಿಗೊಂಚಲು:
ಬಯಾಸ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ ರಿಕವರಿ ಕೀ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಟಿಪಿಎಂ ಸೆಟ್ಟಿಂಗ್ ಬದಲಾದರೆ ಅದನ್ನೇ ಕೇಳುತ್ತದೆ, ಇಲ್ಲದಿದ್ದರೆ ಡಿಸ್ಕ್ ತೆರೆಯುವುದೇ ಇಲ್ಲ. ಬ್ಯಾಕಪ್ ಅಂತೂ ಬೇಕೇ ಬೇಕು.
ಅಪ್‌ಡೇಟ್ ವಿಷಯ: ತಿಂಗಳ ಸೆಕ್ಯುರಿಟಿ ಅಪ್‌ಡೇಟ್ ಸಾಮಾನ್ಯವಾಗಿ ಬರುತ್ತವೆ, ಆದರೆ ಬಂದೇ ಬರುತ್ತವೆ ಅಂತ ಕಂಪನಿ ಮಾತು ಕೊಟ್ಟಿಲ್ಲ. ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ಮಾತ್ರ ತಾನಾಗಿ ಬರುವುದಿಲ್ಲ. ಹೋಮ್, ಪ್ರೋ ಎರಡಕ್ಕೂ ಒಂದು ಆವೃತ್ತಿಯ ಆಯಸ್ಸು 24 ತಿಂಗಳು, ಅಷ್ಟರೊಳಗೆ ನೀವೇ ಹೊಸ ಐಎಸ್‌ಒ ಇಳಿಸಿಕೊಂಡು ಮತ್ತೆ ಇದನ್ನೇ ಮಾಡಬೇಕು. ಇದನ್ನು ಮರೆಯುವವರೇ ಜಾಸ್ತಿ.

ನಿಧಾನವೇ ಪ್ರಧಾನ:
ದುಡ್ಡಿನ ವ್ಯವಹಾರ ನಡೆಯುವ ಯಂತ್ರವಾದರೆ ನಾನು ಬೇಡ ಅನ್ನುತ್ತೇನೆ. ವಿಂಡೋಸ್ 10ರಲ್ಲೇ ಉಳಿದು ಇಎಸ್‌ಯುಗೆ (ಸಪೋರ್ಟ್ ಮುಗಿದ ಮೇಲೂ ಅಪ್‌ಡೇಟ್ ಕೊಡುವ ಮೈಕ್ರೋಸಾಫ್ಟ್ ಯೋಜನೆ) ಸೇರಿಕೊಂಡರೆ 2026ರ ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತವೆ, ಅಲ್ಲಿವರೆಗೆ ಯೋಚನೆ ಮಾಡಬಹುದು ಅಲ್ವಾ? ಪ್ರೊಸೆಸರ್ ಮಿತಿಗೆ ಕಾರಣವೇ ಇಲ್ಲ ಅಂತಲೂ ಅಲ್ಲ. ಮೆಮೊರಿ ಇಂಟೆಗ್ರಿಟಿ ಅನ್ನುವ ರಕ್ಷಣೆಗೆ ಬೇಕಾದ ಹಾರ್ಡ್‌ವೇರ್ ಇಂಟೆಲ್‌ನಲ್ಲಿ 7ನೇ ಜನರೇಷನ್‌ನಿಂದ ಇದೆ. 6ರಲ್ಲಿ ಆ ಕೆಲಸವನ್ನು ಸಾಫ್ಟ್‌ವೇರೇ ಮಾಡುವುದರಿಂದ ನಿಧಾನ ಆಗುತ್ತದೆ. ಆದರೂ 7ನೇ ಜನರೇಷನ್‌ನ ಹೆಚ್ಚುಕಮ್ಮಿ ಎಲ್ಲವನ್ನೂ ಹೊರಗಿಟ್ಟಿದ್ದು ನನಗೆ ಈಗಲೂ ಸರಿ ಕಾಣುವುದಿಲ್ಲ. 2017ರಲ್ಲಿ ಇದೇ 7ನೇ ಜನರೇಷನ್ ‘ತೀರಾ ಹೊಸದು’ ಅಂತ ವಿಂಡೋಸ್ 7, 8.1ರ ಅಪ್‌ಡೇಟ್ ನಿಲ್ಲಿಸಿದ್ದರು.

ಹಳೇ ಲ್ಯಾಪ್‌ಟಾಪ್:
ಎಲ್ಲರಿಗೂ ಥ್ಯಾಂಕ್ಸ್. ಪಿಟಿಟಿ ಆಫ್ ಇತ್ತು, ಈಗ ಟಿಪಿಎಂ 2.0 ಅಂತ ತೋರಿಸುತ್ತಿದೆ. ಬ್ಯಾಕಪ್ ಆದ ಮೇಲೆ ಹಾಕುತ್ತೇನೆ. ಕೋರ್ 2 ಡ್ಯುಯೋ ಡೆಸ್ಕ್‌ಟಾಪ್ ಒಂದಿದೆ, ಅದಕ್ಕೂ ಇದೇ ರೀತಿ ಆಗುತ್ತಾ?

ಬೂಟ್ ಮೆನು:
ಇಲ್ಲ, ಅದು ಬೇರೆ ಕಥೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊಸೆಸರ್‌ನಲ್ಲಿ ಪಾಪ್‌ಕೌಂಟ್, ಎಸ್‌ಎಸ್‌ಇ 4.2 ಅನ್ನುವ ಸೂಚನೆಗಳು (ಚಿಪ್‌ಗೆ ನೇರವಾಗಿ ಗೊತ್ತಿರುವ ಕೆಲಸಗಳು) ಇರಲೇಬೇಕು. ಇದನ್ನು ಕೇಳುವುದು ಇನ್‌ಸ್ಟಾಲರ್ ಅಲ್ಲ, ವಿಂಡೋಸ್‌ನ ಒಳಗಿನ ಕೋಡೇ ಆ ಸೂಚನೆಗಳನ್ನು ಬಳಸುತ್ತದೆ, ಹಾಗಾಗಿ ಯಾವ ರಿಜಿಸ್ಟ್ರಿ ತಿದ್ದಿದರೂ ಬೂಟ್ ಆಗುವುದಿಲ್ಲ. ನಿಮ್ಮ ಐ5ನಲ್ಲಿ ಎರಡೂ ಇವೆ. ಡೆಸ್ಕ್‌ಟಾಪ್‌ಗೆ ಹಗುರವಾದ ಲಿನಕ್ಸ್ ಹಾಕಿ.